ಕೊರಿಯಾದಲ್ಲಿ ಕೆಲಸ ಮಾಡುತ್ತಲೇ ವಾರಾಂತ್ಯದಲ್ಲಿ ಕೊರಿಯನ್ ಕಲಿಯುವುದು

ವಿಶ್ವವಿದ್ಯಾಲಯಗಳ ಭಾಷಾ ಕೋರ್ಸು ಕೆಲಸದಲ್ಲಿರುವವರಿಗೆ ಆಗಿಬರುವುದು ಕಷ್ಟ. ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರ, ದಿನಕ್ಕೆ 4 ಗಂಟೆಯಂತೆ 10 ವಾರ ಹೋಗಬೇಕು. ಹಾಗಾಗಿ ಮೊದಲು ನೋಡಬೇಕಾದದ್ದು ಕೊರಿಯಾದ ನ್ಯಾಯ ಸಚಿವಾಲಯ ನಡೆಸುವ ಕೆಐಐಪಿ, ಅಂದರೆ ವಿದೇಶಿಯರಿಗೆ ಕೊರಿಯನ್ ಭಾಷೆ ಮತ್ತು ಅಲ್ಲಿನ ಸಮಾಜದ ಬಗ್ಗೆ ಕಲಿಸುವ ಹಂತಹಂತದ ಕಾರ್ಯಕ್ರಮ. ಇದರಲ್ಲಿ ಸಂಜೆಯ, ವಾರಾಂತ್ಯದ ತರಗತಿಗಳೂ ಇರುತ್ತವೆ.

ಕೆಐಐಪಿಯ ಸೋಸಿನೆಟ್ ಜಾಲತಾಣದಲ್ಲಿ ವಿದೇಶಿ ನೋಂದಣಿ ಕಾರ್ಡಿನ ಸಂಖ್ಯೆ ಕೊಟ್ಟು ಖಾತೆ ತೆರೆಯಿರಿ. ಹೆಸರು ಕಾರ್ಡಿನಲ್ಲಿರುವಂತೆಯೇ ಇರಲಿ. ಆಮೇಲೆ ಮಟ್ಟ ಅಳೆಯುವ ಪರೀಕ್ಷೆ: 100 ಅಂಕಕ್ಕೆ 21ರಿಂದ 40 ಬಂದರೆ 2ನೇ ಹಂತ, 41ರಿಂದ 60 ಬಂದರೆ 3ನೇ ಹಂತ. ಕೊರಿಯನ್ ಅಕ್ಷರವೇ ಬಾರದವರು ಪರೀಕ್ಷೆ ಬಿಟ್ಟು 15 ಗಂಟೆಯ ಸೊನ್ನೆ ಹಂತದಿಂದ ಶುರುಮಾಡಬಹುದು. ಟೋಪಿಕ್ (ಕೊರಿಯನ್ ಭಾಷಾ ಸಾಮರ್ಥ್ಯದ ಪರೀಕ್ಷೆ) ಪ್ರಮಾಣಪತ್ರವಿದ್ದರೆ ಅದರ ಆಧಾರದ ಮೇಲೂ ಹಂತ ಸಿಗುತ್ತದೆ.

ಹೆಚ್ಚಿನವರು ಎಡವುವುದು ಹಾಜರಾತಿಯಲ್ಲಿ. 1ರಿಂದ 4ನೇ ಹಂತದವರೆಗೆ ಪ್ರತಿಯೊಂದೂ 100 ಗಂಟೆ, ಹಾಜರಾತಿ ಶೇ. 80 ಬೇಕೇ ಬೇಕು. ಅಂದರೆ ತಪ್ಪಿಸಬಹುದಾದದ್ದು 20 ಗಂಟೆ ಮಾತ್ರ. ಭಾನುವಾರಕ್ಕೆ 8 ಗಂಟೆಯ ತರಗತಿಯಾದರೆ ಮೂರನೇ ಭಾನುವಾರ ತಪ್ಪಿದಾಗಲೇ ಲೆಕ್ಕ ಮೀರುತ್ತದೆ. ಓವರ್‌ಟೈಮ್ ಹೆಚ್ಚಿರುವ ಕಾರ್ಖಾನೆಯಲ್ಲಿದ್ದರೆ ವಾರಕ್ಕೆ 4 ಗಂಟೆ ನಡೆಯುವ ತರಗತಿಯೇ ಮೇಲು. 25 ವಾರ ಹಿಡಿದರೂ ಐದು ವಾರ ತಪ್ಪಿಸುವ ಅವಕಾಶವಿರುತ್ತದೆ. ಸೇರುವ ಮುನ್ನವೇ ಮೇಲ್ವಿಚಾರಕರಿಗೆ ವೇಳಾಪಟ್ಟಿ ತೋರಿಸಿ ಒಪ್ಪಿಸಿಕೊಳ್ಳಿ.

ವಾರಾಂತ್ಯದ ಸೀಟುಗಳು ಬೇಗ ತುಂಬುತ್ತವೆ. ಅರ್ಜಿ ತೆರೆಯುವ ದಿನ, ಗಂಟೆ ಮೊದಲೇ ಗುರುತು ಹಾಕಿಕೊಳ್ಳಿ. ಸೀಟು ಸಿಗದಿದ್ದರೆ ಹತ್ತಿರದ ವಿದೇಶಿ ಕಾರ್ಮಿಕರ ನೆರವು ಕೇಂದ್ರದಲ್ಲಿ ಭಾನುವಾರದ ತರಗತಿ ವಿಚಾರಿಸಿ. ಆದರೆ ಅಲ್ಲಿ ಕಲಿತದ್ದು ಕೆಐಐಪಿ ಹಂತವಾಗಿ ತಾನಾಗಿಯೇ ಲೆಕ್ಕಕ್ಕೆ ಬರುತ್ತದೆ ಎಂದುಕೊಳ್ಳಬೇಡಿ, ಕೇಳಿಯೇ ಸೇರಿ.