ಹನ್ನೊಂದರಿಂದ ನಾಲ್ಕರವರೆಗೆ ಮಲಗಿ: ಮೇ ತಿಂಗಳ ಉಡುಪಿ, ಕುಂದಾಪುರ

ಮೇ ತಿಂಗಳಲ್ಲಿ ಉಡುಪಿಗೆ ಹೋಗ್ತೀವಿ ಅಂದಾಗ ನಮ್ಮತ್ತೆ ಹೇಳಿದ್ದು ಒಂದೇ ಮಾತು: “ಬೇಯೋಕೆ ಅಷ್ಟು ದೂರ ಯಾಕಮ್ಮ ಹೋಗ್ಬೇಕು? ಚಿತ್ರದುರ್ಗಕ್ಕೇ ಬನ್ನಿ.”

ಅತ್ತೆ ಹೇಳಿದ್ದರಲ್ಲಿ ಅರ್ಧ ನಿಜ. ಕರಾವಳಿಯ ಮೇ ಸೆಖೆ ನಮ್ಮ ಕಡೆಯ ಬಿಸಿಲಿನ ಹಾಗಲ್ಲ. ನೆರಳಿಗೆ ಹೋದರೂ ಬಿಡಲ್ಲ, ಸ್ನಾನ ಮಾಡಿ ಟವೆಲ್ ಒಣಹಾಕುವಷ್ಟರಲ್ಲಿ ಮತ್ತೆ ಬೆವರು. ಆದರೆ ಮಗಳು ಹಾಸ್ಟೆಲ್ ಸೇರಿದ ಮೇಲೆ ನಮ್ಮಿಬ್ಬರದೇ ಮೊದಲ ಬೇಸಿಗೆ ಅದು. ಇವರಿಗೆ ಸಿಕ್ಕಿದ್ದು ಐದೇ ದಿನದ ರಜೆ, ಅದೂ ಮೇ ಮೊದಲ ವಾರ. ಐದು ದಿನ ಕರಾವಳಿ, ಉಳಿದ ಶನಿವಾರ ಭಾನುವಾರಗಳಿಗೆ ಬೆಂಗಳೂರು ಅಂತ ಬೇಸಿಗೆಯನ್ನ ಹಂಚಿಕೊಂಡೆವು.

ಹೋಗಿ ಬಂದ ಮೇಲೆ ನನಗನಿಸಿದ್ದು, ಮೇ ತಿಂಗಳು ಕೆಟ್ಟ ಆಯ್ಕೆಯೇನಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಳೆ ಹಿಡಿದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟೂ ನಿಲ್ಲುತ್ತದೆ. ಯಕ್ಷಗಾನ ಮೇಳಗಳ ತಿರುಗಾಟ ‘ಪತ್ತನಾಜೆ’ಗೆ ಮುಗಿಯುತ್ತದೆ. ತುಳು ತಿಂಗಳು ಬೇಶದ ಹತ್ತನೇ ದಿನವದು, ಸರಿಸುಮಾರು ಮೇ 24ಕ್ಕೆ ಬರುತ್ತದೆ. ಅಂದು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟೋದು ಮಳೆಗಾಲ ಕಳೆದು ದೀಪಾವಳಿ ಆದ ಮೇಲೆ. ಮೀನು, ಬೋಟು, ಆಟ (ಯಕ್ಷಗಾನಕ್ಕೆ ಅಲ್ಲಿ ಹಾಗೇ ಅನ್ನೋದು) ಮೂರೂ ಬೇಕು ಅನ್ನುವವರಿಗೆ ಮೇ ಮೊದಲ ವಾರಗಳೇ ಕೊನೆಯ ಬಸ್ಸು.

ಹೋಗುವಾಗ ಹಗಲು ರೈಲು ಹಿಡಿಯಿರಿ. ಯಶವಂತಪುರದಿಂದ ಬೆಳಗ್ಗೆ ಏಳಕ್ಕೆ ಹೊರಡುವ ಗಾಡಿ ವಾರದಲ್ಲಿ ಕೆಲವು ದಿನ ಮಂಗಳೂರಿಗೆ, ಕೆಲವು ದಿನ ಕಾರವಾರಕ್ಕೆ ಹೋಗುತ್ತದೆ. ಉಡುಪಿಗೆ ಹೋಗುವವರು ಕಾರವಾರದ ಗಾಡಿಯ ದಿನ ನೋಡಿಕೊಳ್ಳಿ, ಇಲ್ಲದಿದ್ದರೆ ಮಂಗಳೂರಲ್ಲಿಳಿದು ಬಸ್ಸು. ಯಶವಂತಪುರಕ್ಕೆ ಮೆಟ್ರೊ ಇದೆ, ಆದರೆ ಭಾನುವಾರ ಬೆಳಗ್ಗೆ ಅದು ತಡವಾಗಿ ಶುರುವಾಗುತ್ತದೆ ಅನ್ನೋದು ನೆನಪಿರಲಿ. ಇನ್ನೊಂದು ಎಚ್ಚರಿಕೆ: 2025ರಲ್ಲಿ ಘಟ್ಟದ ಹಳಿಗೆ ವಿದ್ಯುದೀಕರಣ ಮಾಡುವಾಗ ಹಗಲು ರೈಲುಗಳನ್ನ ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಹೋಟೆಲ್ ಬುಕ್ ಮಾಡುವ ಮುಂಚೆ ರೈಲು ಓಡುತ್ತಿದೆಯೇ ನೋಡಿ.

ನಾವು ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯಲ್ಲಿ ಹೋದೆವು. ಬೋಗಿಗೆ 44 ಸೀಟು, ಬುಕಿಂಗ್ ತೆರೆಯೋದು 60 ದಿನ ಮುಂಚೆ. ರಜೆ ದಿನಗಳಲ್ಲಿ ತೆರೆದ ಬೆಳಗ್ಗೆಯೇ ಕೂತು ಮಾಡಬೇಕು. ಸೀಟು ತಿರುಗಿಸಿಕೊಳ್ಳಬಹುದು, ಹಾಗಾಗಿ ಎಡವೋ ಬಲವೋ ಅಂತ ತಲೆಕೆಡಿಸಿಕೊಳ್ಳಬೇಕಿಲ್ಲ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ. ರೈಲು ನಡೆದುಕೊಂಡು ಹೋದ ಹಾಗೆ ಇಳಿಯುತ್ತದೆ. ಪ್ರತಿ ಸುರಂಗಕ್ಕೂ ಮಕ್ಕಳು ಕಿರುಚುತ್ತಾರೆ, ಇಪ್ಪತ್ತನೆಯದರ ಹೊತ್ತಿಗೆ ಇವರೂ ಶುರು ಮಾಡಿದರು. ಆದರೆ ಫೋಟೊಗಳಲ್ಲಿ ನೋಡುವ ಆ ಹಾಲಿನ ಝರಿಗಳೆಲ್ಲ ಮಳೆಗಾಲದವು. ಮೇನಲ್ಲಿ ಬಂಡೆಯ ಮೇಲೆ ಕಪ್ಪು ಗೆರೆ ಮಾತ್ರ. ನಡು ಮಧ್ಯಾಹ್ನದ ಬಿಸಿಲು ಗಾಜಿನಿಂದ ನೇರ ನೆತ್ತಿಗೆ, ಎಸಿ ಇದ್ದರೂ ಟೋಪಿ ಬೇಕಾಯಿತು. ಬರೀ ಘಟ್ಟ ನೋಡುವ ಆಸೆಗಾದರೆ ಆಗಸ್ಟ್‌ನಲ್ಲಿ ಹೋಗಿ. ಮೇನಲ್ಲಿ ಮಾಮೂಲಿ ಬೋಗಿಯ ತೆರೆದ ಕಿಟಕಿಯೇ ಸಾಕು ಅಂತ ನನ್ನ ಲೆಕ್ಕ.

ಉಡುಪಿ ಸ್ಟೇಷನ್ ಇರೋದು ಇಂದ್ರಾಳಿಯಲ್ಲಿ, ಪೇಟೆಗೆ ಆಟೊ ಬೇಕು. ರೂಮು ರಥಬೀದಿಯ ಹತ್ತಿರ ಹಿಡಿದರೆ ಅರ್ಧ ಓಡಾಟ ಕಾಲ್ನಡಿಗೆಯಲ್ಲೇ ಆಗುತ್ತದೆ. ನಾವು ಮೊದಲ ರಾತ್ರಿ ಸಮುದ್ರದ ಪಕ್ಕ ಬೇಕು ಅಂತ ಒಂದು ಹೋಮ್‌ಸ್ಟೇ ಹಿಡಿದು ಪೆಟ್ಟು ತಿಂದೆವು. ರಾತ್ರಿ ಒಂದಕ್ಕೆ ಕರೆಂಟು ಹೋಯಿತು. ಇನ್ವರ್ಟರ್ ಇತ್ತು, ಆದರೆ ಅದಕ್ಕೆ ಕೊಟ್ಟಿದ್ದು ದೀಪ ಮಾತ್ರ, ಫ್ಯಾನ್ ಅಲ್ಲ. ಬುಕ್ ಮಾಡುವಾಗ “ಪವರ್ ಬ್ಯಾಕಪ್ ಇದೆಯಾ” ಅಂತ ಕೇಳಬೇಡಿ, “ಕರೆಂಟು ಹೋದರೆ ಫ್ಯಾನ್ ತಿರುಗುತ್ತಾ” ಅಂತಲೇ ಕೇಳಿ.

ಮಾರನೇ ದಿನದ ತಪ್ಪು ನನ್ನದೇ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೆಳಗಿನ ಮೊದಲ ಬೋಟಿಗೇ ಹೋಗೋಣ ಅಂತ ಇವರು ಅಂದರು. ರಾತ್ರಿ ನಿದ್ದೆ ಇಲ್ಲ, ನಿಧಾನಕ್ಕೆ ಹೋದರಾಯಿತು ಅಂದೆ ನಾನು. ದ್ವೀಪದಲ್ಲಿ ಕಾಲಿಟ್ಟಾಗ ಹನ್ನೆರಡೂ ಕಾಲು. ಜೇನುಗೂಡಿನ ಕಣ್ಣುಗಳ ಹಾಗೆ ಐದು ಮೂಲೆ, ಆರು ಮೂಲೆಯ ಕಂಬಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಕೋಟ್ಯಂತರ ವರ್ಷಗಳ ಹಿಂದಿನ ಲಾವಾ ತಣಿದು ಸೀಳಿ ಆದ ಕಂಬಗಳಂತೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಅಷ್ಟು ಕಾಲದ ಹಿಂದೆ ತಣಿದದ್ದು ಆವತ್ತು ಮತ್ತೆ ಬಿಸಿಯಾಗಿತ್ತು. ಮರಳಲ್ಲಿ ನಡೆಯೋಣ ಅಂತ ಚಪ್ಪಲಿ ಕೈಲಿ ಹಿಡಿದವಳು ಮೂರು ಹೆಜ್ಜೆ ಇಡುವಷ್ಟರಲ್ಲಿ ಕುಣಿಯತೊಡಗಿದೆ. ನಾಲ್ಕು ತೆಂಗಿನ ಮರದ ನೆರಳಿಗೆ ನಲವತ್ತು ಜನ. ಅರ್ಧ ಗಂಟೆಯಲ್ಲಿ ವಾಪಸು ಬೋಟಿನ ಸಾಲಿಗೆ ನಿಂತೆವು.

ಅವತ್ತು ಸಂಜೆ ಟೈಮ್‌ಟೇಬಲ್ ಬದಲಾಯಿತು, ಪ್ರವಾಸವೂ ಬದಲಾಯಿತು. ಬೆಳಗ್ಗೆ ಆರಕ್ಕೆ ಹೊರಗೆ. ಹನ್ನೊಂದಕ್ಕೆ ಒಳಗೆ, ಊಟಕ್ಕೆ ಮಾತ್ರ ಹೊರಗೆ ಹೆಜ್ಜೆ. ನಾಲ್ಕರವರೆಗೆ ನಿದ್ದೆ. ಆಮೇಲೆ ರಾತ್ರಿ ಎಷ್ಟು ಹೊತ್ತಾದರೂ ಸರಿ. ಊರಿನವರು ಹಾಗೇ ಬದುಕುವುದು. ನಡುಮಧ್ಯಾಹ್ನ ಬೀಚಿನಲ್ಲಿ ಇರೋದು ಬೆಂಗಳೂರಿನವರು ಮಾತ್ರ. ಎಸಿ ರೂಮಿಗೆ ದುಡ್ಡು ಹಾಕೋದಾದರೆ ರಾತ್ರಿಗಲ್ಲ, ಈ ಐದು ಗಂಟೆಗಾಗಿ ಹಾಕಿ. ಚೆಕ್‌ಔಟ್ ಹನ್ನೊಂದಕ್ಕೆ ಅನ್ನುವ ಜಾಗ ಬೇಡ, ಅಥವಾ ಒಂದೇ ರೂಮಿನಲ್ಲಿ ಮೂರು ದಿನ ಇರಿ.

ಈ ಲೆಕ್ಕಕ್ಕೆ ಊರೂ ಒಗ್ಗುತ್ತದೆ. ಕೃಷ್ಣ ಮಠಕ್ಕೆ ಬೆಳಗ್ಗೆ ಬೇಗ ಹೋದರೆ ಸಾಲು ಚಿಕ್ಕದು, ಮಧ್ವ ಸರೋವರದ ಮೆಟ್ಟಿಲು ಇನ್ನೂ ತಣ್ಣಗಿರುತ್ತದೆ. ಒಳಗೆ ಹೋಗುವ ಗಂಡಸರು ಅಂಗಿ ಬಿಚ್ಚಬೇಕು, ಈ ಸೆಖೆಯಲ್ಲಿ ಇವರಿಗೆ ಅದು ವರವೇ ಆಯಿತು. ಹೊರಗಿನಿಂದ ಕನಕನ ಕಿಂಡಿಯಲ್ಲಿ ನೋಡುವುದಕ್ಕೆ ಸಾಲೂ ಇಲ್ಲ, ನಿಯಮವೂ ಕಡಿಮೆ. ಸಂಜೆಗೆ ಕಾಪು ದೀಪಸ್ತಂಭ, 1901ರದ್ದು. ಸಂಜೆ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ, ಸೂರ್ಯ ಮುಳುಗುವ ಮುಕ್ಕಾಲು ಗಂಟೆ ಮುಂಚೆ ಅಲ್ಲಿರಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ. ಬಸ್ಸಿನ ಕಿಟಕಿಯಿಂದ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ, ಹಾಗಾಗಿ ಇಳಿಯಲೇಬೇಕು. ನೀರಿಗೆ ಮಾತ್ರ ಇಳಿಯಬೇಡಿ, ಅಲ್ಲಿ ಅಲೆ ಎಳೆಯುವ ರಭಸ ದಡದಲ್ಲಿ ನಿಂತವರಿಗೇ ಗೊತ್ತಾಗುತ್ತದೆ.

ಬಸ್ಸಿನ ಬಗ್ಗೆ ಒಂದು ಮಾತು. ಈ ಕಡೆ ಓಡೋದೆಲ್ಲ ಹೆಚ್ಚಾಗಿ ಖಾಸಗಿ ಬಸ್ಸು. ಆಧಾರ್ ಕಾರ್ಡ್ ತೋರಿಸಿ ‘ಶಕ್ತಿ’ ಟಿಕೆಟ್ ಕೇಳಿದ ನನಗೆ ಕಂಡಕ್ಟರು ನಕ್ಕು, “ಅದು ಸರ್ಕಾರಿ ಬಸ್ಸಿಗೆ ಮಾರಾಯ್ರೆ, ಇಲ್ಲಿ ದುಡ್ಡು ಉಂಟು” ಅಂದ. ಹತ್ತು ನಿಮಿಷಕ್ಕೊಂದು ಬಸ್ಸಿರುವಾಗ ಕಾರು ತೆಗೆದುಕೊಂಡು ಹೋಗುವ ಅಗತ್ಯವೇ ಕಾಣಲಿಲ್ಲ. ಚಿಲ್ಲರೆ ಇಟ್ಟುಕೊಂಡಿರಿ. ಹತ್ತಿದ ಕೂಡಲೇ ಗಟ್ಟಿಯಾಗಿ ಏನಾದರೂ ಹಿಡಿದುಕೊಳ್ಳಿ, ಡ್ರೈವರು ಕಾಯುವುದಿಲ್ಲ.

ಈಗ ಊಟದ ವಿಷಯ. ನಾನು ಸಸ್ಯಾಹಾರಿ, ಇವರು ಎಲ್ಲ ತಿನ್ನುತ್ತಾರೆ. ಇಂಥ ಜೋಡಿಗಳಿಗೆ ನನ್ನ ಸಲಹೆ: ಮಧ್ಯಾಹ್ನದ ಊಟ ಬೇರೆ ಬೇರೆ ಮಾಡಿ. ಮೊದಲ ದಿನ ಮೀನಿನ ಹೋಟೆಲಲ್ಲಿ ನಾನು ಸಾರು, ಹಪ್ಪಳ ಹಾಕಿಕೊಂಡು ಮುಖ ಊದಿಸಿಕೊಂಡು ಕೂತೆ. ಎರಡನೇ ದಿನ ಇವರು ನನ್ನ ಜೊತೆ ಬಾಳೆಲೆ ಊಟಕ್ಕೆ ಕೂತು ಮಲ್ಪೆ ಬಂದರಿನ ಕಡೆ ನೋಡುತ್ತಾ ನಿಟ್ಟುಸಿರು ಬಿಟ್ಟರು. ಮೂರನೇ ದಿನದಿಂದ ಅವರ ದಾರಿ ಅವರಿಗೆ, ನನ್ನ ದಾರಿ ನನಗೆ. ಒಂದೂವರೆಗೆ ಐಸ್‌ಕ್ರೀಮ್ ಅಂಗಡಿಯಲ್ಲಿ ಭೇಟಿ. ಉದ್ದ ಗ್ಲಾಸಿನ ಗಡ್‌ಬಡ್, ಚಮಚ ಎರಡು.

ಮೀನಿನ ಹೋಟೆಲಲ್ಲಿ ಇವರು ಕಲಿತ ಪಾಠವನ್ನೂ ಬರೆಯುತ್ತೇನೆ. ಫಿಶ್ ಊಟ ಅಂದರೆ ಕುಚ್ಚಲಕ್ಕಿ ಅನ್ನ, ಮೀನಿನ ಗಸಿ, ಪಲ್ಯ, ಅಷ್ಟೇ. ಅದು ಅಗ್ಗ. ಫ್ರೈ ಬೇರೆ. ತಟ್ಟೆಯಲ್ಲಿ ಮಸಾಲೆ ಹಚ್ಚಿದ ಮೀನುಗಳನ್ನ ತಂದು ತೋರಿಸುತ್ತಾರೆ, ನೀವು ಬೆರಳು ತೋರಿಸುತ್ತೀರಿ. ಕಾಣೆ, ಮಾಂಜಿ, ಅಂಜಲ್‌ಗಳಿಗೆ ಸೈಜಿನ ಮೇಲೆ ರೇಟು, ಮೆನುವಿನಲ್ಲಿ ಬರೆದಿರುವುದಿಲ್ಲ. ಬೆರಳು ತೋರಿಸುವ ಮುಂಚೆ ರೇಟು ಕೇಳಿ. ಇವರು ಕೇಳದೆ ಒಂದು ದೊಡ್ಡ ಮಾಂಜಿಯ ಕಡೆ ಬೆರಳು ಮಾಡಿ, ಬಿಲ್ಲು ನೋಡಿ ಸುಮ್ಮನಾದರು. ಆಮೇಲೆ ಬಂಗುಡೆ, ಬೂತಾಯಿಗೆ ಇಳಿದು ಅದೇ ರುಚಿ ಅಂತ ಪ್ರಮಾಣ ಮಾಡಿದರು. ಕುಂದಾಪುರದಲ್ಲಿ ಕೋಳಿ ಗೀ ರೋಸ್ಟ್ ತಿನ್ನಲೇಬೇಕಂತೆ, ಅದು ಹುಟ್ಟಿದ್ದೇ ಆ ಊರಲ್ಲಿ. ಜೊತೆಗೆ ನೀರುದೋಸೆ. ವಾಸನೆಯಲ್ಲೇ ತುಪ್ಪ, ಒಣಮೆಣಸು ಗೊತ್ತಾಗುತ್ತಿತ್ತು. ಅಷ್ಟರ ಮಟ್ಟಿಗೆ ನಾನೂ ಸಾಕ್ಷಿ.

ನನ್ನ ಪಾಲಿಗೆ ಬೆಳಗಿನ ಬನ್ಸ್. ಹೆಸರು ಕೇಳಿ ಬೇಕರಿ ತಿಂಡಿ ಅಂದುಕೊಳ್ಳಬೇಡಿ. ಕಳಿತ ಬಾಳೆಹಣ್ಣು ಕಿವುಚಿ ಮೈದಾ, ಮೊಸರು, ಚೂರು ಜೀರಿಗೆ ಸೇರಿಸಿ ರಾತ್ರಿ ಕಲಸಿಟ್ಟು ಬೆಳಗ್ಗೆ ಕರಿಯುವುದು. ಮುರಿದರೆ ಒಳಗೆ ಬಾಳೆಹಣ್ಣಿನ ಕಂದು ನಾರು ಎಳೆಯೆಳೆಯಾಗಿ ಕಾಣುತ್ತದೆ. ಸಿಹಿ ಬನ್ಸಿಗೆ ಖಾರದ ಚಟ್ನಿ. ಗೋಳಿಬಜೆ ಕೇಳಿದರೆ, “ಅದು ಮೂರೂವರೆಗೆ, ಈಗ ಬನ್ಸ್ ಉಂಟು” ಅಂದರು. ಇಲ್ಲಿ ತಿಂಡಿಗೂ ಹೊತ್ತುಂಟು. ಮಟ್ಟುಗುಳ್ಳದ ಹುಳಿ ಸಿಕ್ಕರೆ ಬಿಡಬೇಡಿ. ಮಟ್ಟು ಅನ್ನೋ ಊರಿನ ಆ ಹಸಿರು ಗುಂಡು ಬದನೆಗೆ 2011ರಲ್ಲೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಬಾಯಾರಿಕೆಗೆ ಪುನರ್ಪುಳಿ (ಕೋಕಂ ಹಣ್ಣು) ಶರಬತ್ತು. ಬಾಟಲಿಯದಲ್ಲ, ಸಿಪ್ಪೆ ನೆನೆಸಿ ಮಾಡಿದ್ದು.

ನಾಲ್ಕನೇ ದಿನ ಕುಂದಾಪುರಕ್ಕೆ ರೂಮು ಬದಲಾಯಿಸಿದ್ದು ಆಟಕ್ಕಾಗಿ. ಎಲ್ಲಿ ಯಾವ ಮೇಳದ ಆಟ ಅಂತ ಅಲ್ಲಿನ ಪತ್ರಿಕೆಗಳಲ್ಲಿ ಬರುತ್ತದೆ. ಅದಕ್ಕಿಂತ ಆಟೊದವರನ್ನ ಕೇಳಿದರೆ ಬೇಗ ಗೊತ್ತಾಗುತ್ತದೆ. ನಮಗೆ ಸಿಕ್ಕಿದ್ದು ಮಂದಾರ್ತಿ ಮೇಳದ ಹರಕೆ ಆಟ. ಹರಕೆ ಹೊತ್ತ ಮನೆಯವರು ಆಡಿಸುವ ಆಟ, ಟಿಕೆಟ್ ಇಲ್ಲ. ಸರದಿಗೆ ವರ್ಷಗಟ್ಟಲೆ ಕಾಯುತ್ತಾರಂತೆ. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ. ನಾವು ಅಂಚಿನಲ್ಲಿ ಹಿಂಜರಿದು ನಿಂತದ್ದನ್ನ ನೋಡಿ ಆ ಮನೆಯ ಅಜ್ಜಿಯೊಬ್ಬರು ಬಂದು, “ಬನಿ, ಉಂಡ್ಕಂಡ್ ಹೋಯ್ನಿ” ಅಂತ ಪಂಕ್ತಿಗೆ ಕೂರಿಸಿದರು.

ಆಟ ಶುರುವಾಗುವ ಮುಂಚೆ ಚೌಕಿಗೆ ಹೋಗಿ ನೋಡಿ. ವೇಷ ಕಟ್ಟುವ ಜಾಗವದು. ದೇವರ ಮುಂದೆ ದೀಪ, ಅದರ ಎರಡೂ ಕಡೆ ಸಾಲಾಗಿ ಪೆಟ್ಟಿಗೆಗಳು, ಪ್ರತಿ ಪೆಟ್ಟಿಗೆಯ ಮುಂದೆ ಒಬ್ಬ ಕಲಾವಿದ, ಕೈಯಲ್ಲಿ ಅಂಗೈಯಗಲದ ಕನ್ನಡಿ. ಒಬ್ಬರು ಮುಂಡಾಸು ಕಟ್ಟುತ್ತಿದ್ದರು. ಸುತ್ತುಸುತ್ತಾಗಿ ಏರಿಸಿ, ಅದರ ಮೇಲೆ ಜರಿಯ ಪಟ್ಟಿ ಬಿಗಿಯುವಾಗ ದಾರದ ಒಂದು ತುದಿ ಹಲ್ಲಿನಲ್ಲಿ. ಅರ್ಧ ಗಂಟೆ ತಲೆ ಅಲ್ಲಾಡಲಿಲ್ಲ. ಬೆವರಿಗೆ ಬಣ್ಣ ಕರಗದಂತೆ ಪಕ್ಕದ ಹುಡುಗ ಬೀಸಣಿಗೆ ಬೀಸುತ್ತಿದ್ದ. ಫೋಟೊ ತೆಗೆಯುವುದಿದ್ದರೆ ಕೇಳಿ ತೆಗೆಯಿರಿ, ಚಪ್ಪಲಿ ಹೊರಗೆ ಬಿಡಿ. ಚಂಡೆ ಬಿದ್ದ ಮೇಲೆ ನಾವು ರಾತ್ರಿ ಎರಡರವರೆಗೆ ಕೂತಿದ್ದೆವು. ಬೆಳಗಿನವರೆಗೆ ಕೂರುವ ಶಕ್ತಿ ಇರಲಿಲ್ಲ. ಹೋಗುವಾಗಲೇ ಆಟೊದವರ ನಂಬರ್ ತೆಗೆದುಕೊಂಡು ವಾಪಸಿಗೂ ಮಾತಾಡಿಟ್ಟಿದ್ದು ಆ ದಿನದ ಒಂದೇ ಜಾಣತನ. ಚಾಪೆ ಬೇಡ, ಆದರೆ ಒಂದು ಬೆಡ್‌ಶೀಟ್ ಮತ್ತು ಸೊಳ್ಳೆಗೆ ಹಚ್ಚುವುದೇನಾದರೂ ಇರಲಿ.

ವಾಪಸು ಬಂದದ್ದು ಕುಂದಾಪುರದಿಂದ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ. ಸಂಜೆ ಹತ್ತಿ ಬೆಳಗ್ಗೆ ಬೆಂಗಳೂರು. ಹೋಗುವ ಟಿಕೆಟಿಗಿಂತ ಬರುವ ಟಿಕೆಟ್ ಸಿಗುವುದು ಕಷ್ಟ, ಅದನ್ನೇ ಮೊದಲು ಮಾಡಿ.

ಇನ್ನು ಬೆಂಗಳೂರಿನ ವಾರಾಂತ್ಯಗಳು. ಅವಕ್ಕೂ ಇದೇ ಲೆಕ್ಕ ಹಾಕಿದೆವು, ಏಪ್ರಿಲ್‌ನಿಂದಲೇ ಹಾಕಬೇಕಿತ್ತು. ಬಸವನಗುಡಿಗೆ ಹೋಗುವವರು ರಜೆಯ ದಿನ ನೋಡಿಕೊಳ್ಳಿ: ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಭಾನುವಾರ ಬೆಳಗ್ಗೆ ಇಡ್ಲಿ ಆಸೆಗೆ ಶಂಕರಪುರಕ್ಕೆ ಹೋಗಿ ಮುಚ್ಚಿದ ಬಾಗಿಲು ನೋಡಿಕೊಂಡು ಬಂದವರಲ್ಲಿ ನಾವೂ ಸೇರಿದ್ದೇವೆ. ರಾಮನವಮಿಯ ದಿನ ಮಲ್ಲೇಶ್ವರದಲ್ಲಿ ಅಡ್ಡರಸ್ತೆ ಅಡ್ಡರಸ್ತೆಗೂ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಆಮೇಲೆ ಸಂಜೆಗಳಿಗೆ ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದ ರಾಮೋತ್ಸವ ಕಛೇರಿಗಳಿವೆ, 1939ರಿಂದ ನಡೆದುಕೊಂಡು ಬಂದಿರುವಂಥವು. ಒಳಗೆ ಟಿಕೆಟ್, ನಮ್ಮಂತೆ ಹೊರಗೆ ನಿಂತು ಅರ್ಧ ಕಛೇರಿ ಕೇಳುವವರಿಗೆ ತಂಪು ಗಾಳಿ.

ಮಾವಿಗೆ ಏಪ್ರಿಲ್‌ನಲ್ಲಿ ಆತುರಪಡಬೇಡಿ. ಆಗ ಬರುವುದಕ್ಕೆ ಬಣ್ಣ ಇರುತ್ತದೆ, ವಾಸನೆ ಇರುವುದಿಲ್ಲ. ಕರಾವಳಿಯಿಂದ ಬಂದ ಮೇಲೆ ಲಾಲ್‌ಬಾಗಿನ ಮಾವು ಮೇಳಕ್ಕೆ ಎರಡು ಸಲ ಹೋದೆವು, ರೈತರೇ ತಂದು ಮಾರುತ್ತಾರೆ. ಮೆಟ್ರೊದಲ್ಲಿ ಹೋಗಿ, ಪಾರ್ಕಿಂಗ್ ಹುಡುಕುವಷ್ಟರಲ್ಲಿ ಹನ್ನೊಂದು ದಾಟುತ್ತದೆ. ಬಾದಾಮಿಯ ಸಾಲು ದೊಡ್ಡದು, ರಸಪುರಿಯದು ಚಿಕ್ಕದು. ನಾನು ಚಿಕ್ಕ ಸಾಲಿನವಳು. ತೊಟ್ಟಿನ ಹತ್ತಿರ ಮೂಸಿ ನೋಡಿ, ಅರ್ಧ ಹಣ್ಣಾದ್ದು, ಅರ್ಧ ಕಾಯಿ ಬೆರೆಸಿ ಕೊಡಿ ಅಂತ ಕೇಳಿದರೆ ಕೊಡುತ್ತಾರೆ, ವಾರ ಪೂರ್ತಿ ಬರುತ್ತದೆ. ಎರಡನೇ ಪೆಟ್ಟಿಗೆಯಿಂದ ಆರು ಹಣ್ಣು ತೆಗೆದು ಪೇಪರ್ ಸುತ್ತಿ ಚಿತ್ರದುರ್ಗಕ್ಕೆ ಕಳಿಸಿದೆವು. “ಉಡುಪಿಯಿಂದ ಏನೂ ತರಲಿಲ್ವಾ?” ಅಂತ ಅತ್ತೆ ಫೋನಿನಲ್ಲಿ ಕೇಳಿದರು. ಹಲಸಿನ ಹಪ್ಪಳ ತಂದಿದ್ದೆವು. ರೈಲಿನ ಸೀಟಿನ ಕೆಳಗೆ ಬಿಟ್ಟು ಇಳಿದಿದ್ದೆವು.