ಬಿಡುಗಡೆಯ ತಾರೀಖಿನ ಜೊತೆಗೇ ಅಕ್ಷರದ ಗಾತ್ರವನ್ನೂ ಹೇಳಿ

‘ಹಲವು ಆಕ್ಸೆಸಿಬಿಲಿಟಿ ಆಯ್ಕೆಗಳಿವೆ’ (ಅಂಗವೈಕಲ್ಯ ಇರುವವರೂ ಆಡಲು ಅನುಕೂಲವಾಗುವ ಆಯ್ಕೆಗಳು) ಎಂದು ಗೇಮ್‌ನ ಸ್ಟೋರ್ ಪುಟದಲ್ಲಿ ಬರೆದರೆ ಓದಿದವರಿಗೆ ಏನೂ ಗೊತ್ತಾಗುವುದಿಲ್ಲ. ಒಂದೇ ಕೈಯಲ್ಲಿ ಆಡುವವರಿಗೆ ಬೇಕಾದದ್ದು, ಬಟನ್‌ಗಳನ್ನೆಲ್ಲ ಬದಲಿಸಿಕೊಳ್ಳಬಹುದೇ, ಒತ್ತಿ ಹಿಡಿಯುವ ಬದಲು ಒಮ್ಮೆ ಒತ್ತಿ ಬಿಟ್ಟರೆ ಸಾಕೇ ಎನ್ನುವುದು. ಕಿವಿ ಕೇಳದವರಿಗೆ ಬೇಕಾದದ್ದು, ಬೆನ್ನ ಹಿಂದಿನಿಂದ ಬರುವ ಶತ್ರುವಿನ ಹೆಜ್ಜೆಸದ್ದು ಪರದೆಯ ಮೇಲೆ ಎಲ್ಲಾದರೂ ಕಾಣುತ್ತದೆಯೇ ಎನ್ನುವುದು. ಉತ್ತರ ಸಿಗದಿದ್ದರೆ ದುಡ್ಡು ಕೊಟ್ಟೇ ನೋಡಬೇಕು. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, ಆಡಿದ ಸಮಯ 2 ಗಂಟೆಗಿಂತ ಕಡಿಮೆಯಿದ್ದರೆ ದುಡ್ಡು ವಾಪಸ್ ಕೇಳಬಹುದು, ನಿಜ. ಆದರೆ ಸೆಟ್ಟಿಂಗ್ಸ್ ಹೊಂದಿಸಿಕೊಳ್ಳುವುದಕ್ಕೇ ಮುಕ್ಕಾಲು ಗಂಟೆ ಹಿಡಿಯುವವರಿಗೆ ಆ 2 ಗಂಟೆ ಸಾಲದು. ಎರಡು ಬಟನ್ ಒಟ್ಟಿಗೆ ಒತ್ತಲೇಬೇಕಾದ ಜಾಗ ಮೂರನೇ ಗಂಟೆಯಲ್ಲಿ ಎದುರಾದರೆ ಕೊಟ್ಟ ದುಡ್ಡು ಹೋದಂತೆಯೇ.

ಪುಣೆಯ ಬಾಣೇರ್, ಹಿಂಜವಡಿ, ಕೋಥರೂಡ್ ಕಡೆಯ ಸ್ಟುಡಿಯೊಗಳಲ್ಲಿ ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಹುಡುಗ ಹುಡುಗಿಯರು ಬಹಳ ಇದ್ದಾರೆ. ಸಂಜೆ, ಶನಿವಾರ ಕೂತು ಮೂರು ನಾಲ್ಕು ಜನ ತಮ್ಮದೇ ಗೇಮ್ ಮಾಡುವವರೂ ಇದ್ದಾರೆ. ಅಂಥ ತಂಡದಲ್ಲಿ ಕೋಡ್ ಬರೆಯುವವರೇ ಪ್ರಕಟಣೆಯನ್ನೂ ಬರೆಯಬೇಕು. ಈ ಬರಹ ಅವರಿಗಾಗಿ.

ಮೊದಲು ತಾರೀಖು. ಸ್ಟೀಮ್‌ನಲ್ಲಿ ನಿಖರ ದಿನವನ್ನೇ ತೋರಿಸಬೇಕೆಂದಿಲ್ಲ. ಬರೀ ವರ್ಷ, ತ್ರೈಮಾಸಿಕ, ತಿಂಗಳು ಅಥವಾ ‘ಶೀಘ್ರದಲ್ಲಿ’ ಎಂದಷ್ಟೇ ತೋರಿಸಬಹುದು. ಕೈಯಲ್ಲಿರುವ ಬಿಲ್ಡ್ (ಗೇಮ್‌ನ ಸದ್ಯದ ಆವೃತ್ತಿ) ಎಷ್ಟು ಗಟ್ಟಿಯೋ ಅಷ್ಟೇ ನಿಖರವಾಗಿ ಹೇಳಿ. ಮೊದಲಿನಿಂದ ಕೊನೆಯವರೆಗೆ ಆಡಲು ಬರುವ ಬಿಲ್ಡ್ ಇಲ್ಲದಿದ್ದರೆ ವರ್ಷ ಸಾಕು. ಹೊಸ ಅಂಶ ಸೇರಿಸುವುದು ನಿಂತು, ಬಗ್ ತಿದ್ದುವುದಷ್ಟೇ ಉಳಿದಾಗ ತಿಂಗಳು ಹೇಳಿ. ಸ್ಟೋರ್‌ನವರ ಪರಿಶೀಲನೆ ಮುಗಿದ ಮೇಲೆ ದಿನ ಹೇಳಿ. ಪರಿಶೀಲನೆಗೆ 3ರಿಂದ 5 ಕೆಲಸದ ದಿನ ಹಿಡಿಯುತ್ತದೆ. ಒಮ್ಮೆ ತಿದ್ದಲು ವಾಪಸ್ ಬಂದರೆ ಮತ್ತೆ ಅಷ್ಟೇ ದಿನ. ‘ಬರಲಿದೆ’ ಪುಟ ಬಿಡುಗಡೆಗೆ ಮುಂಚೆ ಕನಿಷ್ಠ 2 ವಾರ ತೆರೆದಿರಬೇಕು. ಕೊನೆಯ 2 ವಾರಗಳಲ್ಲಿ ತಾರೀಖನ್ನು ನೀವೇ ಬದಲಿಸಲು ಆಗುವುದಿಲ್ಲ, ಸ್ಟೀಮ್ ನಡೆಸುವ ವಾಲ್ವ್ ಕಂಪನಿಗೆ ಬರೆದು ಕೇಳಬೇಕು. ಹೀಗಾಗಿ ಆ 2 ವಾರದ ಗೆರೆ ದಾಟುವ ಹಿಂದಿನ ದಿನವೇ ತಂಡ ಕೂತು ‘ಆಗುತ್ತದೋ ಇಲ್ಲವೋ’ ತೀರ್ಮಾನಿಸಿಬಿಡಬೇಕು.

ದಿನದ ಜೊತೆ ಗಂಟೆಯನ್ನೂ ಬರೆಯಿರಿ. ಸ್ಟೀಮ್‌ನಲ್ಲಿ ರೂಢಿಯ ಸಮಯ ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ 10. ನಮಗೆ ಅದು ಅಲ್ಲಿ ಬೇಸಿಗೆಯ ಗಡಿಯಾರ ನಡೆಯುವಾಗ ರಾತ್ರಿ 10:30, ಚಳಿಗಾಲದಲ್ಲಿ 11:30. ತಾರೀಖಷ್ಟೇ ಹೇಳಿದರೆ ನಮ್ಮವರು ಬೆಳಿಗ್ಗೆಯಿಂದ ಕಾಯುತ್ತಾರೆ. ಬಿಡುಗಡೆಯಾದ ಮೊದಲ 48 ಗಂಟೆಯಲ್ಲಿ ದೂರುಗಳು ಒಟ್ಟೊಟ್ಟಿಗೆ ಬರುವುದರಿಂದ ಶುಕ್ರವಾರ ಬೇಡ; ಗಣೇಶೋತ್ಸವದ ವಾರವಂತೂ ಬೇಡವೇ ಬೇಡ. ವಿಸರ್ಜನೆಯ ಮೆರವಣಿಗೆ ಮರುದಿನದವರೆಗೂ ಸಾಗುವ ಊರಿನಲ್ಲಿ ತುರ್ತು ಪ್ಯಾಚ್ (ದೋಷ ತಿದ್ದುವ ಅಪ್‌ಡೇಟ್) ಮಾಡಲು ಯಾರೂ ಕೈಗೆ ಸಿಗುವುದಿಲ್ಲ.

ಹಾಲೋ ನೈಟ್: ಸಿಲ್ಕ್‌ಸಾಂಗ್ ಎಂಬ ಗೇಮ್ 2019ರಲ್ಲಿ ಘೋಷಣೆಯಾಗಿ, ದಿನವನ್ನು 2025ರ ಆಗಸ್ಟ್ 21ರಂದು ಹೇಳಿ, ಸೆಪ್ಟೆಂಬರ್ 4ಕ್ಕೆ ಬಂತು. ಆಗಲೇ ಇದ್ದ ಹೆಸರಿನಿಂದ ಅದು ನಡೆಯಿತು. ಹೊಸ ತಂಡ ವರ್ಷಗಟ್ಟಲೆ ಸುಮ್ಮನಿದ್ದರೆ ಜನ ಮರೆಯುತ್ತಾರೆ. ಇನ್ನೊಂದು ತುದಿಯಲ್ಲಿ ಸೈಬರ್‌ಪಂಕ್ 2077: 2020ರ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಲ್ಲಿಂದ ನವೆಂಬರ್, ಕೊನೆಗೆ ಡಿಸೆಂಬರ್ 10. ಮುಂದೂಡುವುದು ತಪ್ಪಲ್ಲ. ಆದರೆ ಒಂದು ಸಲ ಮುಂದೂಡುವಾಗ ಕೊಡುವ ಹೊಸ ದಿನದಲ್ಲಿ ಇನ್ನೊಂದು ತೊಂದರೆಗೂ ಜಾಗ ಇರಬೇಕು. ಪ್ರಕಟಣೆಯ ಮೊದಲ ಸಾಲಿನಲ್ಲೇ ಹೊಸ ತಾರೀಖು, ಎರಡನೆಯದರಲ್ಲಿ ಕಾರಣ, ಮೂರನೆಯದರಲ್ಲಿ, ಮೊದಲು ಹೇಳಿದ್ದರಲ್ಲಿ ಏನು ಕೈಬಿಟ್ಟಿದ್ದೇವೆ ಎನ್ನುವುದು. ಸಮಯ ಸಾಲದೆ ಬಟನ್ ಬದಲಿಸುವ ಸೌಲಭ್ಯವನ್ನು ಮೊದಲ ಪ್ಯಾಚ್‌ಗೆ ತಳ್ಳಿದ್ದರೆ ಅದೂ ಇಲ್ಲೇ ಬರಬೇಕು. ಬೇರೆಯವರು ಮೊದಲ ದಿನವೇ ಆಡುತ್ತಾರೆ; ಆ ಸೌಲಭ್ಯವನ್ನೇ ನಂಬಿದವರ ಮಟ್ಟಿಗೆ ಬಿಡುಗಡೆಯ ದಿನವೆಂದರೆ ಆ ಪ್ಯಾಚ್ ಬರುವ ದಿನ. ಅವರಿಗೆ ಮೊದಲೇ ಹೇಳದೆ ದುಡ್ಡು ತೆಗೆದುಕೊಳ್ಳುವುದು ಅನ್ಯಾಯ.

ಇನ್ನು ಸೌಲಭ್ಯಗಳ ಪಟ್ಟಿ. ಹೆಸರಿನ ಬದಲು ಅಳತೆ ಬರೆಯಿರಿ. ‘ದೊಡ್ಡ ಸಬ್‌ಟೈಟಲ್’ ಅಲ್ಲ, ‘1080ಪಿಯಲ್ಲಿ 28, 36, 46 ಪಿಕ್ಸೆಲ್, ಹಿಂದೆ ಕಪ್ಪು ಪಟ್ಟಿ, ಮಾತಾಡುವವರ ಹೆಸರು ಇದೆ’. ಎಕ್ಸ್‌ಬಾಕ್ಸ್‌ನ ಮಾರ್ಗಸೂಚಿ ಡೀಫಾಲ್ಟ್ (ಏನೂ ಬದಲಿಸದಾಗ ಇರುವ) ಅಕ್ಷರಕ್ಕೆ 1080ಪಿಯಲ್ಲಿ ಕನ್ಸೋಲ್‌ಗೆ 26, ಪಿಸಿಗೆ 18 ಪಿಕ್ಸೆಲ್ ಕನಿಷ್ಠ ಎನ್ನುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1ರ ಕಾಂಟ್ರಾಸ್ಟ್ ಇರಬೇಕು. ‘ಕಲರ್‌ಬ್ಲೈಂಡ್ ಮೋಡ್’ ಎಂದು ಬರೆದು ಇಡೀ ಪರದೆಗೆ ಫಿಲ್ಟರ್ ಹಾಕುವವರು ಹೆಚ್ಚು. ಅದರಿಂದ ಸಹಾಯ ಕಡಿಮೆ. ಶತ್ರುವಿನ ಗುರುತಿಗೆ ಬಣ್ಣದ ಜೊತೆ ತ್ರಿಕೋನ, ಗೆಳೆಯನಿಗೆ ವೃತ್ತ ಕೊಟ್ಟು ಅದನ್ನೇ ಬರೆದರೆ ಓದಿದವರಿಗೆ ತಕ್ಷಣ ಅರ್ಥವಾಗುತ್ತದೆ.

2025ರಿಂದ ಸ್ಟೀಮ್ ಪುಟದಲ್ಲೇ ಆಕ್ಸೆಸಿಬಿಲಿಟಿ ವಿವರ ತೋರಿಸುವ ವ್ಯವಸ್ಥೆ ಇದೆ. ಎಕ್ಸ್‌ಬಾಕ್ಸ್ 2021ರಲ್ಲಿ, ಪ್ಲೇಸ್ಟೇಷನ್ 2023ರಲ್ಲಿ ತಮ್ಮ ಟ್ಯಾಗ್‌ಗಳನ್ನು ತಂದವು. ಯಾವ ಸೌಲಭ್ಯ ಇದೆ ಎಂದು ಟಿಕ್ ಹಾಕುವಾಗ ಸಾಮಾನ್ಯವಾಗಿ ತಪ್ಪುವುದು ಸಬ್‌ಟೈಟಲ್‌ನಲ್ಲಿ. ಕಟ್‌ಸೀನ್‌ಗಳಿಗೆ (ಆಟದ ನಡುವಿನ ಕಥಾದೃಶ್ಯಗಳಿಗೆ) ಸಾಲುಗಳಿರುತ್ತವೆ, ಕಾದಾಟದ ಮಧ್ಯೆ ಜೊತೆಗಾರ ಕೂಗುವ ‘ಎಡಕ್ಕೆ ನೋಡು’ಗೆ ಇರುವುದಿಲ್ಲ. ಕೂಗಿನ ಆಡಿಯೊವನ್ನು ಬೇರೆಯವರು ಬೇರೆ ಫೋಲ್ಡರಿನಿಂದ ನೇರವಾಗಿ ಜೋಡಿಸಿರುತ್ತಾರೆ. ಅದು ಸಂಭಾಷಣೆಯ ಶೀಟಿಗೆ ಬಂದೇ ಇರುವುದಿಲ್ಲ. ಧ್ವನಿ ಪೂರ್ತಿ ಬಂದ್ ಮಾಡಿ ಒಂದು ಹಂತ ಆಡಿ ನೋಡಿದರೆ ಇದು ಹತ್ತು ನಿಮಿಷದಲ್ಲಿ ಬಯಲಾಗುತ್ತದೆ.

ಕನ್ನಡದಲ್ಲಿ ಗೇಮ್ ತರುವವರಿಗೆ ಇನ್ನೂ ಕೆಲವು ಕಷ್ಟಗಳಿವೆ. ಇಂಗ್ಲಿಷ್ ಮಾರ್ಗಸೂಚಿಗಳಲ್ಲಿ ಅವು ಇಲ್ಲ. ಗೇಮ್ ಕಟ್ಟುವ ಎಂಜಿನ್‌ಗಳಲ್ಲಿ ಅನ್‌ರಿಯಲ್ ಮತ್ತು ಗೋಡೋ 4, ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶ ಬಳಸಿ ಒತ್ತಕ್ಷರ ಸರಿಯಾಗಿ ಜೋಡಿಸುತ್ತವೆ. ಯೂನಿಟಿ ಎಂಜಿನ್‌ನಲ್ಲಿ ಅಕ್ಷರ ತೋರಿಸಲು ಬಹುಕಾಲದಿಂದ ಬಳಕೆಯಲ್ಲಿರುವ ಟೆಕ್ಸ್ಟ್‌ಮೆಶ್ ಪ್ರೊ ತಾನಾಗಿ ಜೋಡಿಸುವುದಿಲ್ಲ. ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ 6 ಸಂಕೇತ. ಹಾಗಾಗಿ ಟೈಪ್‌ರೈಟರ್‌ನಂತೆ ಒಂದೊಂದೇ ಅಕ್ಷರ ಮೂಡಿಸುವ ಪರಿಣಾಮ ಹಾಕಿದರೆ ಪದ ಮುರಿದು ಮುರಿದು ಮಿನುಗುತ್ತದೆ. ಸಂಕೇತದ ಲೆಕ್ಕ ಬಿಟ್ಟು ಪೂರ್ಣಾಕ್ಷರದ ಲೆಕ್ಕದಲ್ಲಿ ಮೂಡಿಸಬೇಕು, ಮತ್ತು ಆ ಪರಿಣಾಮವನ್ನು ಬಂದ್ ಮಾಡುವ ಆಯ್ಕೆ ಇರಬೇಕು. ಸಾಲುಗಳ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಅಥವಾ ಕಪ್ಪು ಪಟ್ಟಿಯ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ‘ದ’ಕ್ಕೂ ‘ಧ’ಕ್ಕೂ ವ್ಯತ್ಯಾಸ ಒಂದು ಸಣ್ಣ ಸೀಳು; 26 ಪಿಕ್ಸೆಲ್‌ನಲ್ಲಿ ಸೋಫಾದ ದೂರದಿಂದ ಅದು ಕಾಣದು. ಕನ್ನಡಕ್ಕೆ 32ರಿಂದ ಶುರು ಮಾಡುವುದು ಒಳ್ಳೆಯದು.

ಸ್ಟೀಮ್‌ನ ಭಾಷೆಗಳ ಪಟ್ಟಿಯಲ್ಲಿ ಇಂಟರ್‌ಫೇಸ್, ಪೂರ್ಣ ಆಡಿಯೊ, ಸಬ್‌ಟೈಟಲ್ ಎಂದು ಮೂರು ಕಾಲಂ ಇವೆ. ಪುಣೆ, ಮುಂಬೈಯ ಕನ್ನಡ ಮನೆಗಳಲ್ಲಿ ಇದಕ್ಕೆ ಬಹಳ ಅರ್ಥವಿದೆ. ಮರಾಠಿ ಅಥವಾ ಇಂಗ್ಲಿಷ್ ಶಾಲೆಯಲ್ಲಿ ಓದಿದ ಮಕ್ಕಳು ಕನ್ನಡ ಮಾತಾಡುತ್ತಾರೆ, ಲಿಪಿ ಓದಲು ಬಾರದು. ಅವರಿಗೆ ಕನ್ನಡ ಧ್ವನಿ ಬೇಕು. ಮನೆಯ ಹಿರಿಯರಿಗೆ ಕನ್ನಡ ಅಕ್ಷರ ಬೇಕು, ಅದೂ ದೊಡ್ಡದಾಗಿ. ಬರೀ ‘ಕನ್ನಡದಲ್ಲಿ ಲಭ್ಯ’ ಎಂದರೆ ಇಬ್ಬರಲ್ಲಿ ಒಬ್ಬರಿಗೆ ನಿರಾಸೆ ಖಂಡಿತ.

ಮಿನುಗುವ ಬೆಳಕಿನ ವಿಷಯದಲ್ಲಿ ಮಾತು ಇನ್ನೂ ಎಚ್ಚರದಿಂದಿರಲಿ. ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಮಿನುಗಬಾರದು ಎನ್ನುವುದು ವೆಬ್ ಮಾನದಂಡದ ನಿಯಮ. ಗೇಮ್‌ಗೂ ಅದನ್ನೇ ಇಟ್ಟುಕೊಳ್ಳಿ. ಅದನ್ನು ಪಾಲಿಸಿದರೂ ‘ಮೂರ್ಛೆರೋಗದವರಿಗೆ ಸುರಕ್ಷಿತ’ ಎಂದು ಎಂದೂ ಬರೆಯಬೇಡಿ. ‘ಮಿನುಗು ಕಡಿಮೆ ಮಾಡುವ ಆಯ್ಕೆ ಇದೆ, ಎರಡನೇ ಹಂತದ ಸಿಡಿಲಿಗೆ ಅದು ಅನ್ವಯಿಸುವುದಿಲ್ಲ’ ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ. ಈ ಆಯ್ಕೆ ಮೊದಲ ಕಟ್‌ಸೀನ್‌ಗಿಂತ ಮುಂಚೆಯೇ ಸಿಗಬೇಕು.

ಆಯ್ಕೆಗೆ ಕೊಡುವ ವಿವರಣೆಯ ಧಾಟಿಯೂ ಮುಖ್ಯ. ಸೆಲೆಸ್ಟ್ ಗೇಮ್ 2018ರಲ್ಲಿ ಬಂದಾಗ ಅದರ ಅಸಿಸ್ಟ್ ಮೋಡ್ (ವೇಗ ತಗ್ಗಿಸುವಂಥ ನೆರವಿನ ಆಯ್ಕೆಗಳು) ತೆರೆದರೆ, ಮೊದಲ ಸಲ ಇದಿಲ್ಲದೆ ಆಡಿ ಎಂಬ ಸಲಹೆ ಇರುತ್ತಿತ್ತು. ಆಮೇಲೆ ಆ ಮಾತನ್ನು ತೆಗೆದರು. ಅದಿಲ್ಲದೆ ಆಡಲಾಗದವರಿಗೆ ಆ ಸಲಹೆ ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನೆ ಕೇಳಿದಂತೆ. ‘ಸುಲಭ’, ‘ಮಕ್ಕಳಿಗೆ’ ಎಂಬ ಪದಗಳನ್ನೂ ಬಿಡಿ. ‘ವೇಗ 50ರಿಂದ 100 ಶೇಕಡ’ ಎಂದರೆ ಸಾಕು.

ಪ್ರಕಟಣೆಯನ್ನೇ ಓದಲಾಗದಂತೆ ಮಾಡುವುದು ಇನ್ನೊಂದು ತಪ್ಪು. ತಾರೀಖನ್ನು ಪೋಸ್ಟರಿನೊಳಗೆ ಮಾತ್ರ ಬರೆದು ವಾಟ್ಸಾಪ್, ಡಿಸ್ಕಾರ್ಡ್‌ನಲ್ಲಿ ಹಾಕಿದರೆ ಸ್ಕ್ರೀನ್ ರೀಡರ್‌ಗೆ (ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶಕ್ಕೆ) ಅದು ಬರೀ ‘ಚಿತ್ರ’. ಅದೇ ಮಾತನ್ನು ಕೆಳಗೆ ಟೈಪ್ ಮಾಡಿ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಜೊತೆ ಬರುವ ಈ-ಸ್ಪೀಕ್ ಧ್ವನಿ ಕನ್ನಡವನ್ನು ಓದುತ್ತದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದರೆ ಅದಕ್ಕೆ ಸಿಗುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಆದ್ದರಿಂದ ಯೂನಿಕೋಡ್‌ನಲ್ಲೇ ಬರೆಯಿರಿ.

ಬಿಡುಗಡೆಯ ನಂತರ ಹೆಚ್ಚಾಗಿ ಕೆಡುವುದು ಸೇವ್ ಆದ ಸೆಟ್ಟಿಂಗ್ಸ್. ಹೊಸ ಆಯ್ಕೆ ಸೇರಿಸಿದಾಗ ಸೆಟ್ಟಿಂಗ್ಸ್ ಫೈಲಿನ ಆವೃತ್ತಿ ಬದಲಾಗಿ, ಹಳೆಯದನ್ನು ಓದಲಾಗದೆ ಗೇಮ್ ಎಲ್ಲವನ್ನೂ ಡೀಫಾಲ್ಟ್‌ಗೆ ಒಯ್ಯುತ್ತದೆ. ಮೆನು ಓದಿ ಹೇಳುವ ಧ್ವನಿಯೂ ಬಂದ್ ಆಗುವುದರಿಂದ, ಅಂಧ ಆಟಗಾರರಿಗೆ ಅದನ್ನು ಮತ್ತೆ ಹಚ್ಚುವ ದಾರಿಯೇ ಉಳಿಯುವುದಿಲ್ಲ. ಪ್ರತಿ ಪ್ಯಾಚ್‌ಗೆ ಮುಂಚೆ ಹಳೆಯ ಫೈಲ್ ಇಟ್ಟು ಹೊಸ ಬಿಲ್ಡ್ ತೆರೆದು ನೋಡಿ. ಐಫೋನ್‌ನಲ್ಲಿ ಹಂತ ಹಂತದ ಬಿಡುಗಡೆ ಆರಿಸಿದರೆ ತಾನಾಗಿ ಆಗುವ ಅಪ್‌ಡೇಟ್ 7 ದಿನಗಳಲ್ಲಿ 1, 2, 5, 10, 20, 50, 100 ಶೇಕಡ ಜನರಿಗೆ ಹೋಗುತ್ತದೆ. ಎರಡನೇ ದಿನ ದೂರು ಬಂದರೆ ನಿಲ್ಲಿಸಿ ತಿದ್ದಲು ಅವಕಾಶ ಇರುತ್ತದೆ. ಪ್ಯಾಚ್ ಟಿಪ್ಪಣಿಯಲ್ಲಿ ಈ ದೋಷ ‘ಇತರ ಸಣ್ಣ ತಿದ್ದುಪಡಿಗಳು’ ಸಾಲಿನೊಳಗೆ ಸೇರದೆ ಮೊದಲ ಸಾಲಿನಲ್ಲಿರಲಿ: ಯಾವ ಆವೃತ್ತಿಯಲ್ಲಿ ಕೆಟ್ಟಿತು, ಯಾವುದರಲ್ಲಿ ಸರಿಯಾಯಿತು, ಅಷ್ಟರವರೆಗೆ ಯಾವ ಬಟನ್ 3 ಸೆಕೆಂಡು ಒತ್ತಿದರೆ ಧ್ವನಿ ಮರಳುತ್ತದೆ.