ಜೆಸ್ಸಿಕಾ ಮೌಬಾಯ್ ಎಂಬ ದನಿ

ಜುಲೈ 12, 2024, ಶುಕ್ರವಾರ
ಮೆಲ್ಬರ್ನ್

ಇಲ್ಲಿ ಈಗ ನೈಡಾಕ್ ವಾರ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಾಡು, ಕುಣಿತ, ಚರಿತ್ರೆಯನ್ನು ಊರೆಲ್ಲ ನೆನೆಯುವ ವಾರ. ರಾತ್ರಿ ಊಟ ಮುಗಿಸಿ ‘ದಿ ಸಫೈರ್ಸ್’ ಸಿನಿಮಾ ಮತ್ತೆ ನೋಡಿದೆ. ಅದರಲ್ಲಿ ನಟಿಸಿದ ಗಾಯಕಿ ಜೆಸ್ಸಿಕಾ ಮೌಬಾಯ್ ಬಗ್ಗೆ ಬರೆದೇ ಮಲಗೋಣ ಅನ್ನಿಸಿತು.

ಈಕೆ ಹುಟ್ಟಿದ್ದು 1989ರಲ್ಲಿ, ಉತ್ತರದ ತುದಿಯ ಡಾರ್ವಿನ್‌ನಲ್ಲಿ. ಅಮ್ಮ ಕುಕು ಯಲಾಂಜಿ ಎಂಬ ಮೂಲನಿವಾಸಿ ಜನಾಂಗದವರು. ಅಪ್ಪ ಇಂಡೊನೇಷ್ಯಾದ ಪಶ್ಚಿಮ ತಿಮೋರ್ ಕಡೆಯವರು. ಹದಿನಾಲ್ಕರ ಹುಡುಗಿ ಇದ್ದಾಗಲೇ ಟ್ಯಾಮ್‌ವರ್ತ್ ಕಂಟ್ರಿ ಸಂಗೀತ ಹಬ್ಬದಲ್ಲಿ ಸ್ಪರ್ಧೆ ಗೆದ್ದಿದ್ದಳು. 2006ರಲ್ಲಿ ಟಿವಿಯ ಹಾಡಿನ ಸ್ಪರ್ಧೆ ‘ಆಸ್ಟ್ರೇಲಿಯನ್ ಐಡಲ್’ ಆಡಿಷನ್‌ಗೆ ಆರಿಸಿಕೊಂಡದ್ದು ವಿಟ್ನಿ ಹ್ಯೂಸ್ಟನ್ ಹಾಡು. ಪಳಗಿದ ಗಾಯಕಿಯರೂ ಹಿಂದೆಮುಂದೆ ನೋಡುವ ಹಾಡು ಅದು, ಅಲ್ವಾ? ಆ ವರ್ಷ ಎರಡನೇ ಸ್ಥಾನ ಸಿಕ್ಕಿತು. ಆಮೇಲೆ ಪಾಪ್ ಆಲ್ಬಮ್‌ಗಳು ಬಂದವು, ‘ಬರ್ನ್’ ಹಾಡು ಇಲ್ಲಿ ನಂಬರ್ ಒನ್ ಆಯಿತು. ಅವೆಲ್ಲ ಕೇಳಲು ಚೆನ್ನಾಗಿಯೇ ಇವೆ. ಆದರೆ ಅವನ್ನು ಬೇರೆ ಯಾರಾದರೂ ಹಾಡಬಹುದಿತ್ತು ಅಂತ ನನಗೆ ಯಾವಾಗಲೂ ಅನ್ನಿಸಿದೆ.

‘ಸಫೈರ್ಸ್’ನಲ್ಲಿ ಈಕೆ ಮಾಡಿದ ಜೂಲಿ ಪಾತ್ರವನ್ನು ಮಾತ್ರ ಇನ್ನೊಬ್ಬರು ಮಾಡಲಾರರು. ಅದಕ್ಕೂ ಮೊದಲು ‘ಬ್ರ್ಯಾನ್ ನ್ಯೂ ಡೇ’ ಸಿನಿಮಾದಲ್ಲಿ ರೋಸಿಯಾಗಿ ನಟಿಸಿದ್ದಳು. ಅಲ್ಲಿ ಕ್ಯಾಮೆರಾ ಮುಂದೆ ನಿಲ್ಲುವುದು ಕಲಿತಳು ಅನ್ನಬಹುದು. 2012ರ ಹೊತ್ತಿಗೆ ನಟಿ, ಗಾಯಕಿ ಇಬ್ಬರೂ ಒಂದೇ ಆಗಿಬಿಟ್ಟಿದ್ದರು.

‘ಸಫೈರ್ಸ್’ ಅನ್ನುವುದು ಮೂಲನಿವಾಸಿ ಹುಡುಗಿಯರ ಒಂದು ಹಾಡಿನ ತಂಡ. ಕಥೆ ನಿಜವಾಗಿ ನಡೆದದ್ದು. ಟೋನಿ ಬ್ರಿಗ್ಸ್ ತನ್ನ ತಾಯಿ ಲಾರೆಲ್ ರಾಬಿನ್ಸನ್, ಚಿಕ್ಕಮ್ಮ ಲೋಯಿಸ್ ಪೀಲರ್ ಅವರ ಬದುಕನ್ನು ಮೊದಲು ನಾಟಕ ಮಾಡಿದ. ಆಮೇಲೆ ವೇಯ್ನ್ ಬ್ಲೇರ್ ಅದನ್ನು ಸಿನಿಮಾ ಮಾಡಿದ. 1968ರಲ್ಲಿ ಆ ಹೆಣ್ಣುಮಕ್ಕಳು ಅಮೆರಿಕದ ಸೈನಿಕರಿಗೆ ಹಾಡಲು ವಿಯೆಟ್ನಾಂಗೆ ಹೋಗಿದ್ದರು. ಮೂಲನಿವಾಸಿಗಳನ್ನು ಜನಗಣತಿಯಲ್ಲಿ ಸೇರಿಸಲು ಇಡೀ ದೇಶ ಮತ ಹಾಕಿ ಆಗಿನ್ನೂ ಒಂದೇ ವರ್ಷ ಆಗಿತ್ತು!

ಸಿನಿಮಾದ ಶುರುವಿನಲ್ಲೇ ಒಂದು ಹಾಡಿನ ಸ್ಪರ್ಧೆ ಇದೆ. ಸಣ್ಣ ಊರಿನ ಪಬ್ಬು, ಕೂತವರೆಲ್ಲ ಬಿಳಿಯರು. ಜೂಲಿಗೆ ಪುಟ್ಟ ಮಗು ಇದೆ, ಅಮ್ಮ ಬೇಡ ಅಂದಿದ್ದಾಳೆ. ಆದರೂ ಬಸ್ಸು ಹತ್ತಿ ಬಂದೇಬಿಡುತ್ತಾಳೆ. ಅಕ್ಕಂದಿರ ಜೊತೆ ಕಂಟ್ರಿ ಹಾಡು ಹಾಡುತ್ತಾಳೆ. ಜೆಸ್ಸಿಕಾ ಅಲ್ಲಿ ದನಿಯನ್ನು ಪೂರ್ತಿ ಬಿಡುವುದೇ ಇಲ್ಲ, ನೋಡಿ. ನಾನು ಇಲ್ಲಿ ಯಾಕೆ ನಿಂತಿದ್ದೇನೆ ಅಂತ ಯಾರಿಗೂ ವಿವರಿಸಬೇಕಿಲ್ಲ ಅನ್ನುವ ಹಾಗೆ ಸುಮ್ನೆ ಹಾಡುತ್ತಾಳೆ. ಬಹುಮಾನ ಬೇರೆಯವರಿಗೆ ಹೋಗುತ್ತದೆ.

ಯೋರ್ಟಾ ಯೋರ್ಟಾ ಎಂಬ ಮೂಲನಿವಾಸಿ ಭಾಷೆಯ ‘ನಾರಾ ಬುರಾ ಫೆರಾ’ ಹಾಡೂ ಸಿನಿಮಾದಲ್ಲಿದೆ. ಅದರ ಬೇರು ನಮ್ಮ ಕಡೆಗೂ ಚಾಚಿದೆ. 1886ರಲ್ಲಿ ಅಮೆರಿಕದ ಫಿಸ್ಕ್ ಜುಬಿಲಿ ತಂಡ ಮರ್ರೆ ನದಿ ದಂಡೆಯ ಮಲೋಗಾ ಮಿಷನ್‌ಗೆ ಬಂದು ಕಪ್ಪು ಜನರ ಭಕ್ತಿಗೀತೆಗಳನ್ನು ಹಾಡಿತ್ತು. ಅದರಲ್ಲಿ ಒಂದನ್ನು ಯೋರ್ಟಾ ಯೋರ್ಟಾಕ್ಕೆ ತಂದವರು ಅಲ್ಲಿನ ಮೇಷ್ಟ್ರು ಥಾಮಸ್ ಷಡ್ರಾಕ್ ಜೇಮ್ಸ್ ಅನ್ನುತ್ತಾರೆ. ಮಾರಿಷಸ್‌ನಲ್ಲಿ ಹುಟ್ಟಿದ, ಭಾರತ ಮೂಲದ ಮನುಷ್ಯ. ನೂರಕ್ಕೂ ಜಾಸ್ತಿ ವರ್ಷದ ಮೇಲೆ ಆ ಹಾಡು ಡಾರ್ವಿನ್ ಹುಡುಗಿಯ ಬಾಯಿಗೆ ಬಂತು. ಅವಳ ತಾಯಿಯ ಜನಾಂಗದ ಭಾಷೆ ಬೇರೆ, ಆದರೂ ಒಂಚೂರು ಪರಕೀಯ ಅನ್ನಿಸುವುದಿಲ್ಲ.

ಜೂಲಿ ಪಾತ್ರಕ್ಕೆ ಆಸ್ಟ್ರೇಲಿಯಾದ ಸಿನಿಮಾ ಪ್ರಶಸ್ತಿ ಆಕ್ಟಾ ಪೋಷಕ ನಟಿ ವಿಭಾಗದಲ್ಲಿ ಬಂತು. ಸರಿಯಾದವರಿಗೇ ಬಂತು. 2018ರಲ್ಲಿ ಲಿಸ್ಬನ್‌ನಲ್ಲಿ ನಡೆದ, ದೇಶದೇಶಗಳ ಹಾಡಿನ ಸ್ಪರ್ಧೆ ಯೂರೋವಿಷನ್‌ನಲ್ಲಿ ಆಸ್ಟ್ರೇಲಿಯಾ ಪರ ಹಾಡಿ 20ನೇ ಸ್ಥಾನಕ್ಕೆ ನಿಂತಾಗ ನನಗೆ ಬೇಜಾರಾಗಿತ್ತು. ಆದರೆ ಮರುವರ್ಷವೇ ‘ಹಿಲ್ಡಾ’ ಆಲ್ಬಮ್ ಬಂತು. ಹಿಲ್ಡಾ ಅಂದರೆ ಅಜ್ಜಿಯ ಹೆಸರು. ಅದು ನೇರ ನಂಬರ್ ಒನ್ ಆಯಿತು.

ಜೂಲಿಯಂಥ ಇನ್ನೊಂದು ಪಾತ್ರವನ್ನು ಯಾರಾದರೂ ಇವಳಿಗಾಗಿ ಬರೆಯಬೇಕು. ಹಾಡೂ ಇರಬೇಕು, ಕಥೆಯೂ ಇವಳ ಜನರದ್ದೇ ಆಗಿರಬೇಕು.